ಮಗುವಿನ ಮೂಗಿನ ಬಳಿಯಿಂದ ಆರಂಭಿಸಿ: ಎಳೆಕೂಸಿನ ಬಟ್ಟೆಯನ್ನು ಕೃತಕ ಘಮವಿಲ್ಲದೆ ಒಗೆಯುವ ಸಮಗ್ರ ಮಾರ್ಗದರ್ಶಿ

ಹುಟ್ಟಿದ ಮೊದಲ ಮೂರು ತಿಂಗಳಲ್ಲಿ ಮಗು ದಿನಕ್ಕೆ ಸುಮಾರು 14ರಿಂದ 17 ಗಂಟೆ ನಿದ್ರಿಸುತ್ತದೆ. ಅಷ್ಟು ಹೊತ್ತೂ ಅದರ ಮೂಗು ತೊಟ್ಟಿಲಿಗೆ ಹಾಸಿದ ಬಟ್ಟೆಗೋ, ಸುತ್ತಿದ ಪಂಚೆಯ ಅಂಚಿಗೋ ಒಂದು ಗೇಣಿನೊಳಗೇ ಇರುತ್ತದೆ. ಎಚ್ಚರವಾದಾಗ ಹಾಲು ಕುಡಿಯುವ ಹೊತ್ತಿಗೆ ಅದೇ ಮೂಗು ತಾಯಿಯ ಸೆರಗಿಗೆ ಅಥವಾ ನೈಟಿಗೆ ಒತ್ತಿಕೊಂಡಿರುತ್ತದೆ. ಹೀಗಾಗಿ ಬಟ್ಟೆಯಿಂದ ಏಳುವ ಆವಿ ಏನೇ ಇರಲಿ, ಅದು ಕೋಣೆಯ ಗಾಳಿಯಲ್ಲಿ ತಿಳಿಯಾಗುವ ಮೊದಲೇ ಮಗುವಿನ ಉಸಿರಿಗೆ ಸೇರುತ್ತದೆ. ದೊಡ್ಡವರಿಗೆ ಬಟ್ಟೆಯ ಘಮವೆಂದರೆ ಮಡಿಕೆ ಬಿಚ್ಚಿದಾಗ ಕ್ಷಣಕಾಲ ತಟ್ಟಿ ಹೋಗುವ ಸಂಗತಿ. ಕೂಸಿಗಾದರೋ ಅದು ಇಡೀ ದಿನದ ಗಾಳಿ.

ಈ ಮಾರ್ಗದರ್ಶಿಯನ್ನು ಅದೇ ಕಾರಣಕ್ಕೆ ಒಗೆಯುವ ಕಲ್ಲಿನಿಂದಲೋ ವಾಷಿಂಗ್ ಮೆಷಿನ್ನಿನಿಂದಲೋ ಆರಂಭಿಸದೆ ಮಗುವಿನ ಮೂಗಿನಿಂದ ಆರಂಭಿಸಿದ್ದೇನೆ. ಮೂಗಿಗೆ ಅತಿ ಹತ್ತಿರವಾಗಿ ಅತಿ ಹೆಚ್ಚು ಹೊತ್ತು ಇರುವ ಬಟ್ಟೆಯನ್ನು ಮೊದಲು ಬದಲಾಯಿಸಬೇಕು, ದೂರದ್ದನ್ನು ಆಮೇಲೆ. ಮನೆಯ ಸಮಸ್ತ ಬಟ್ಟೆಯನ್ನೂ ಒಂದೇ ವಾರದಲ್ಲಿ ಸುಧಾರಿಸಲು ಹೊರಟು, ಸುಸ್ತಾಗಿ, ಎಲ್ಲವನ್ನೂ ಕೈಬಿಟ್ಟ ಬಾಣಂತಿಯರನ್ನು ಕಂಡಿದ್ದೇನೆ. ಹಾಗಾಗಬಾರದು.

ಎಳೆಯ ಉಸಿರಿಗೆ ಇದೇಕೆ ಮುಖ್ಯ

ನವಜಾತ ಶಿಶು ನಿಮಿಷಕ್ಕೆ 30ರಿಂದ 60 ಬಾರಿ ಉಸಿರಾಡುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕರು 12ರಿಂದ 20 ಬಾರಿ. ದೇಹದ ಪ್ರತಿ ಕಿಲೋ ತೂಕಕ್ಕೆ ಲೆಕ್ಕ ಹಾಕಿದರೆ ಮಗು ಒಳಗೆಳೆದುಕೊಳ್ಳುವ ಗಾಳಿ ನಮ್ಮದಕ್ಕಿಂತ ಬಹಳ ಹೆಚ್ಚು. ಮೊದಲ ಕೆಲವು ತಿಂಗಳು ಅದು ಬಹುಮಟ್ಟಿಗೆ ಮೂಗಿನಿಂದಲೇ ಉಸಿರಾಡುವುದರಿಂದ ಮೂಗಿನ ಒಳಪದರ ಸ್ವಲ್ಪ ಊದಿಕೊಂಡರೂ ಹಾಲು ಕುಡಿಯುವುದಕ್ಕೂ ನಿದ್ರಿಸುವುದಕ್ಕೂ ತೊಡಕಾಗುತ್ತದೆ. ಶ್ವಾಸನಾಳಗಳೂ ತೀರಾ ಕಿರಿದು. ಕೊಳವೆಯ ವ್ಯಾಸ ಅರ್ಧಕ್ಕಿಳಿದರೆ ಅದರಲ್ಲಿ ಗಾಳಿ ಹರಿಯಲು ಆಗುವ ಅಡ್ಡಿ ಎರಡು ಪಟ್ಟಲ್ಲ, ಹದಿನಾರು ಪಟ್ಟು ಹೆಚ್ಚುತ್ತದೆ ಎಂಬುದು ಭೌತಶಾಸ್ತ್ರದ ನಿಯಮ. ನಮಗೆ ಬರೀ ಕೆಮ್ಮು ತರಿಸುವಷ್ಟು ಊತ ಮಗುವಿಗೆ ಉಬ್ಬಸವಾಗುವುದು ಇದರಿಂದಲೇ. ಶ್ವಾಸಕೋಶದ ಗಾಳಿಗೂಡುಗಳು ಹುಟ್ಟಿದ ಮೇಲೂ ವರ್ಷಗಟ್ಟಲೆ ಬೆಳೆಯುತ್ತಿರುತ್ತವೆ.

ಘಮದ ಪುಡಿ, ದ್ರಾವಣಗಳಲ್ಲಿ ಏನಿರುತ್ತದೆ? ಪೊಟ್ಟಣದ ಮೇಲೆ ‘ಪರ್ಫ್ಯೂಮ್’ ಅಥವಾ ‘ಫ್ರೇಗ್ರೆನ್ಸ್’ ಎಂದು ಒಂದೇ ಪದ ಅಚ್ಚಾಗಿದ್ದರೂ ಅದರೊಳಗೆ ಹತ್ತಾರು ರಾಸಾಯನಿಕಗಳ ಮಿಶ್ರಣವಿರಬಹುದು. ನಿಂಬೆಯ ಘಮ ಕೊಡುವ ಲಿಮೊನೀನ್, ಹೂವಿನ ಘಮ ಕೊಡುವ ಲಿನಲೂಲ್ ಇವುಗಳಲ್ಲಿ ಸಾಮಾನ್ಯ. ಲಿಮೊನೀನ್ ಗಾಳಿಯಲ್ಲಿರುವ ಓಝೋನಿನೊಡನೆ ಬೆರೆತಾಗ ಫಾರ್ಮಾಲ್ಡಿಹೈಡ್ ಮತ್ತು ಅತಿಸೂಕ್ಷ್ಮ ಕಣಗಳು ಹುಟ್ಟುತ್ತವೆ. ಎಂದರೆ ಸೀಸೆಯೊಳಗೆ ಇಲ್ಲದಿದ್ದ ವಸ್ತುವೂ ಕೋಣೆಯ ಗಾಳಿಯಲ್ಲಿ ತಯಾರಾಗುತ್ತದೆ. ಅಮೆರಿಕದ ಸಂಶೋಧಕಿ ಆ್ಯನ್ ಸ್ಟೈನ್‌ಮನ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುವಾಸನೆಯ ಡಿಟರ್ಜೆಂಟ್ ಮತ್ತು ಡ್ರೈಯರ್‌ನಲ್ಲಿ ಹಾಕುವ ಘಮದ ಹಾಳೆ ಬಳಸಿದಾಗ ಬಟ್ಟೆ ಒಣಗಿಸುವ ಯಂತ್ರದ ಹೊರಗಾಳಿಯಲ್ಲಿ 25ಕ್ಕೂ ಹೆಚ್ಚು ಬಗೆಯ ಆವಿಯಾಗುವ ಸಾವಯವ ರಾಸಾಯನಿಕಗಳು ಕಂಡುಬಂದವು. ಅಸಿಟಾಲ್ಡಿಹೈಡ್ ಮತ್ತು ಬೆಂಜೀನ್ ಅವುಗಳಲ್ಲಿ ಸೇರಿದ್ದವು.

ಮಕ್ಕಳ ಮೇಲಿನ ಪರಿಣಾಮಕ್ಕೆ ಬಂದರೆ, ಕೆನಡಾದಲ್ಲಿ ಹುಟ್ಟಿನಿಂದ ಮಕ್ಕಳನ್ನು ಹಿಂಬಾಲಿಸುತ್ತಿರುವ ‘ಚೈಲ್ಡ್’ ಅಧ್ಯಯನದ 2020ರ ವರದಿ ಬಹಳ ಮುಖ್ಯ. ಎರಡು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡ ಆ ವರದಿಯ ಪ್ರಕಾರ, ಮಗುವಿಗೆ ಮೂರು ನಾಲ್ಕು ತಿಂಗಳಾಗಿದ್ದಾಗ ಶುಚಿಕಾರಕಗಳನ್ನು ಹೆಚ್ಚಾಗಿ ಬಳಸಿದ ಮನೆಗಳಲ್ಲಿ, ಕಡಿಮೆ ಬಳಸಿದ ಮನೆಗಳಿಗೆ ಹೋಲಿಸಿದರೆ, ಮೂರನೆಯ ವಯಸ್ಸಿಗೆ ಆಸ್ತಮಾ ಪತ್ತೆಯಾಗುವ ಸಂಭವ ಸುಮಾರು 1.37 ಪಟ್ಟಿತ್ತು, ಸುವಾಸನೆಯುಳ್ಳವು ಮತ್ತು ಸ್ಪ್ರೇ ಮಾಡುವಂಥವು ಅವುಗಳಲ್ಲಿ ಹೆಚ್ಚು ಎದ್ದುಕಂಡವು. ಅದಕ್ಕೂ ಮೊದಲು, 2005ರಲ್ಲಿ, ಬ್ರಿಟನ್ನಿನ ಬ್ರಿಸ್ಟಲ್ ಪ್ರದೇಶದ ದೀರ್ಘಾವಧಿ ಅಧ್ಯಯನವು ಗರ್ಭಿಣಿಯರು ಮನೆಬಳಕೆಯ ರಾಸಾಯನಿಕಗಳನ್ನು ಹೆಚ್ಚು ಬಳಸುವುದಕ್ಕೂ ಮಕ್ಕಳಲ್ಲಿ ಬಿಡದೆ ಕಾಡುವ ಉಬ್ಬಸಕ್ಕೂ ನಂಟಿದೆಯೆಂದು ತೋರಿಸಿತ್ತು.

ಒಂದು ಮಾತನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು. ಇವು ನಂಟನ್ನು ತೋರಿಸುವ ಅಧ್ಯಯನಗಳೇ ಹೊರತು ‘ಈ ಸೋಪಿನಿಂದಲೇ ಈ ಮಗುವಿಗೆ ಆಸ್ತಮಾ ಬಂತು’ ಎಂದು ಸಾಧಿಸುವಂಥವಲ್ಲ. ಬೀಡಿ ಸಿಗರೇಟಿನ ಹೊಗೆ ಮತ್ತು ಸೌದೆ ಒಲೆಯ ಹೊಗೆ ಮಗುವಿನ ಉಸಿರಿಗೆ ಬಟ್ಟೆಯ ಘಮಕ್ಕಿಂತ ದೊಡ್ಡ ಶತ್ರುಗಳು; ಮನೆಯಲ್ಲಿ ಯಾರಾದರೂ ಸೇದುತ್ತಿದ್ದರೆ ಮೊದಲು ಅದು ನಿಲ್ಲಬೇಕು. ಆದರೂ ಘಮವನ್ನು ಬಿಡುವುದರಿಂದ ಮಗುವಿಗೆ ಆಗುವ ನಷ್ಟ ಏನೂ ಇಲ್ಲ, ಖರ್ಚೂ ಕಡಿಮೆಯಾಗುತ್ತದೆ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳಿರುವ, ತಂದೆ ತಾಯಿಗೆ ಆಸ್ತಮಾ ಅಥವಾ ಅಲರ್ಜಿ ಇರುವ ಮನೆಗಳಲ್ಲಂತೂ ಇದನ್ನು ಕಡ್ಡಾಯವೆಂದೇ ತಿಳಿಯಬೇಕೆಂಬುದು ನನ್ನ ಅಭಿಪ್ರಾಯ.

ಮೊದಲ ಹೆಜ್ಜೆ: ಮನೆಯ ವಾಸನೆಯನ್ನು ಬೇರೆಯವರ ಮೂಗಿನಿಂದ ಅಳೆಯಿರಿ

ನಮ್ಮ ಮನೆಯಲ್ಲಿ ಮೊಮ್ಮಗು ಹುಟ್ಟಿ ಇಪ್ಪತ್ತು ದಿನವಾಗಿದ್ದಾಗ ಊರಿನಿಂದ ಬಂದ ನನ್ನ ಅಕ್ಕ ಬಾಗಿಲಲ್ಲೇ ನಿಂತು, “ಇದೇನೇ, ಸೋಪಿನ ಅಂಗಡಿಯೊಳಗೆ ಬಂದ ಹಾಗಿದೆಯಲ್ಲೇ” ಎಂದಳು. ನಮಗೆ ಯಾರಿಗೂ ಏನೂ ತಿಳಿದಿರಲಿಲ್ಲ. ಮೂಗು ಒಂದೇ ವಾಸನೆಯಲ್ಲಿ ಕೆಲವು ನಿಮಿಷ ಇದ್ದರೆ ಅದನ್ನು ಗುರುತಿಸುವುದನ್ನೇ ಬಿಟ್ಟುಬಿಡುತ್ತದೆ. ಪ್ರತಿದಿನ ಅದರಲ್ಲೇ ಬದುಕುವವರಿಗಂತೂ ಮನೆಯ ವಾಸನೆ ಇಲ್ಲವೆಂದೇ ತೋರುತ್ತದೆ. ಆದ್ದರಿಂದ ಸುವಾಸನೆಯ ಸೋಪು ಬಳಸದ ನೆರೆಯವರನ್ನೋ ಬಂಧುವನ್ನೋ ಕರೆದು ಮಗುವಿನ ಹಾಸು, ಹೊದಿಕೆ, ಕುಲಾವಿ, ನಿಮ್ಮ ನೈಟಿಯ ಭುಜ, ದಿಂಬಿನ ಗವಸು, ಬೀರುವಿನ ಒಳಭಾಗ ಇಷ್ಟನ್ನೂ ಮೂಸಿ ನೋಡಲು ಕೇಳಿ. ಯಾರೂ ಸಿಗದಿದ್ದರೆ ಬೆಳಗ್ಗೆ ಒಂದು ಗಂಟೆ ಹೊರಗೆ ಓಡಾಡಿ ಬಂದು ನೀವೇ ಮೂಸಿ ನೋಡಬಹುದು. ಅವರು ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದು, ಮೂಗಿಗೆ ಹತ್ತಿರವಿರುವವುಗಳಿಗೆ ಗುರುತು ಹಾಕಿ. ಮುಂದಿನ ಕೆಲಸದ ಪಟ್ಟಿ ಅದೇ.

ಎರಡನೆಯ ಹೆಜ್ಜೆ: ನುಸಿಗುಳಿಗೆಯ ಬಟ್ಟೆಯನ್ನು ಇಂದೇ ಬೇರೆ ಮಾಡಿ

ಸೋಪಿನ ವಿಷಯ ನಾಳೆಗೆ ಕಾಯಬಹುದು, ಇದು ಕಾಯುವಂಥದ್ದಲ್ಲ. ಮಗು ಹುಟ್ಟಿದಾಗ ಅಜ್ಜಿಯರು ಟ್ರಂಕಿನಿಂದ ಹಳೆಯ ಮೆತ್ತನೆಯ ಹತ್ತಿ ಸೀರೆ, ಪಂಚೆ, ಕೌದಿ, ತಲೆಮಾರಿನಿಂದ ಬಂದ ತೊಟ್ಟಿಲ ಬಟ್ಟೆಗಳನ್ನು ಹೊರತೆಗೆಯುತ್ತಾರೆ. ಅವು ಮಗುವಿನ ಮೈಗೆ ನಿಜಕ್ಕೂ ಒಳ್ಳೆಯ ಬಟ್ಟೆಗಳು. ಆದರೆ ಅವುಗಳ ನಡುವೆ ವರ್ಷಗಟ್ಟಲೆ ಬಿಳಿಯ ನುಸಿಗುಳಿಗೆಗಳು ಇದ್ದಿರುತ್ತವೆ. ಈ ಗುಳಿಗೆಗಳಲ್ಲಿ ಸಾಮಾನ್ಯವಾಗಿ ನ್ಯಾಫ್ತಲೀನ್ ಇರುತ್ತದೆ. ಅದು ಕರಗಿ ನೀರಾಗದೆ ನೇರವಾಗಿ ಆವಿಯಾಗಿ ನೂಲಿನೊಳಗೆ ಸೇರಿಕೊಳ್ಳುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಈ ಆವಿ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಅದರಿಂದ ಕಾಮಾಲೆ ಏರಿ, ಚಿಕಿತ್ಸೆ ತಡವಾದರೆ ಮಿದುಳಿಗೇ ಶಾಶ್ವತ ಹಾನಿಯಾಗಬಹುದು. ರಕ್ತ ಕಡಿಮೆಯಾದ ಮಗು ಏದುಸಿರು ಬಿಡುತ್ತದೆ. ನುಸಿಗುಳಿಗೆಯೊಡನೆ ಇಟ್ಟಿದ್ದ ಹೊದಿಕೆಯನ್ನು ಹೊದಿಸಿದ ಶಿಶುಗಳು ಸತ್ತಿರುವ ಘಟನೆಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಈ ಕೊರತೆ ವಂಶವಾಹಿಯಿಂದ ಬರುವಂಥದ್ದು, ಗಂಡುಮಕ್ಕಳಲ್ಲಿ ಹೆಚ್ಚು, ಭಾರತದಲ್ಲಿಯೂ ಇದೆ. ಪರೀಕ್ಷೆ ಮಾಡಿಸದೆ ಯಾರಿಗಿದೆಯೆಂದು ನೋಡಿ ತಿಳಿಯುವಂತಿಲ್ಲ.

ಹೀಗಾಗಿ ನುಸಿಗುಳಿಗೆಯ ವಾಸನೆ ಇರುವ ಬಟ್ಟೆಯನ್ನು ಮಗುವಿಗೆ ಬಳಸಲೇಬೇಡಿ. ಹೆರಿಗೆಗೆ ಇನ್ನೂ ತಿಂಗಳುಗಳಿದ್ದರೆ ಮಾತ್ರ ಅವುಗಳನ್ನು ಹೊರಗೆ ಗಾಳಿ ಬಿಸಿಲಿಗೆ ವಾರಗಟ್ಟಲೆ ಹರವಿ, ಮತ್ತೆ ಮತ್ತೆ ಒಗೆದು, ವಾಸನೆ ಒಂದಿಷ್ಟೂ ಉಳಿದಿಲ್ಲವೆಂದು ಬೇರೆಯವರ ಮೂಗಿನಿಂದ ಖಚಿತಪಡಿಸಿಕೊಂಡು ಬಳಸಬಹುದು. ಮಗು ಆಗಲೇ ಹುಟ್ಟಿದ್ದರೆ ಅಂಗಡಿಯಿಂದ ಎರಡು ಮೀಟರ್ ಮಲ್ ಬಟ್ಟೆ ತರಿಸಿ ಒಗೆದು ಬಳಸುವುದೇ ಸರಿ. ಮಗು ಮಲಗುವ ಕೋಣೆಯ ಬೀರುವಿನಿಂದಲೂ, ಬಚ್ಚಲಿನ ಮೂಲೆಯಿಂದಲೂ ಗುಳಿಗೆಗಳನ್ನು ತೆಗೆದು ಮನೆಯಿಂದ ಆಚೆ ಹಾಕಬೇಕು. ತೆವಳುವ ಮಗುವಿಗೆ ಅವು ಪೆಪ್ಪರಮಿಂಟಿನಂತೆ ಕಾಣುತ್ತವೆ. ನುಸಿಯ ಭಯವಿದ್ದರೆ ಬಟ್ಟೆಯನ್ನು ಚೆನ್ನಾಗಿ ಒಗೆದು, ಪೂರ್ತಿ ಒಣಗಿಸಿ, ಬಿಗಿಯಾಗಿ ಮುಚ್ಚುವ ಸ್ಟೀಲ್ ಡಬ್ಬಿಯಲ್ಲಿಟ್ಟು ತಿಂಗಳಿಗೊಮ್ಮೆ ಬಿಸಿಲು ತೋರಿಸಿದರೆ ಸಾಕು. ನೆಗಡಿಗೆಂದು ತೊಟ್ಟಿಲಿಗೆ ಕಟ್ಟುವ ಕರ್ಪೂರದ ಗಂಟನ್ನೂ ಇದರೊಡನೆಯೇ ಬಿಚ್ಚಿಬಿಡಿ. ಕರ್ಪೂರ ಹೊಟ್ಟೆಗೆ ಹೋದರೆ ಎಳೆಯ ಮಕ್ಕಳಲ್ಲಿ ಸೆಳವು ತರಬಲ್ಲದು.

ಮೂರನೆಯ ಹೆಜ್ಜೆ: ಸೋಪು ಆರಿಸುವುದು

ಪೊಟ್ಟಣದ ಮುಂಭಾಗದಲ್ಲಿ ಮಗುವಿನ ಚಿತ್ರವಿದ್ದರೆ, ‘ಬೇಬಿ’ ಎಂದಿದ್ದರೆ, ‘ನೈಸರ್ಗಿಕ’ ಎಂದಿದ್ದರೆ ಅದು ಘಮವಿಲ್ಲದ್ದೆಂದು ಅರ್ಥವಲ್ಲ. ಮಕ್ಕಳಿಗೆಂದೇ ಮಾರುವ ಅನೇಕ ದ್ರಾವಣಗಳಲ್ಲಿ ಸುವಾಸನೆಯನ್ನು ಸೇರಿಸಿರುತ್ತಾರೆ. ನೀವು ಹುಡುಕಬೇಕಾದುದು ‘ಫ್ರೇಗ್ರೆನ್ಸ್ ಫ್ರೀ’ ಎಂಬ ಪದಗಳನ್ನು. ‘ಅನ್‌ಸೆಂಟೆಡ್’ ಎಂಬುದು ಬೇರೆ: ಮೂಲ ಪದಾರ್ಥಗಳ ವಾಸನೆ ತಿಳಿಯದಿರಲಿ ಎಂದು ಇನ್ನೊಂದು ಘಮದ ರಾಸಾಯನಿಕವನ್ನೇ ಬೆರೆಸಿ ಮರೆಮಾಚಿದ ಸರಕನ್ನೂ ಹಾಗೆ ಕರೆಯುವುದುಂಟು. ಹಿಂಭಾಗದ ಪಟ್ಟಿಯಲ್ಲಿ ‘ಪರ್ಫ್ಯೂಮ್’, ‘ಪರ್ಫಮ್’, ‘ಫ್ರೇಗ್ರೆನ್ಸ್’ ಎಂಬ ಪದಗಳು ಇರಬಾರದು. ಸಾರತೈಲ ಸೇರಿಸಿದ್ದೇವೆಂದು ಹೆಮ್ಮೆಯಿಂದ ಹೇಳುವ ಸರಕೂ ಬೇಡ. ಲ್ಯಾವೆಂಡರ್ ತೈಲದ ಲಿನಲೂಲ್ ಗಿಡದಿಂದ ಬಂದರೂ ಕಾರ್ಖಾನೆಯಿಂದ ಬಂದರೂ ಒಂದೇ ವಸ್ತು.

ಪದಾರ್ಥಗಳ ಪಟ್ಟಿಯನ್ನೇ ಕೊಡದ ಪೊಟ್ಟಣಗಳು ನಮ್ಮ ಅಂಗಡಿಗಳಲ್ಲಿ ಬೇಕಾದಷ್ಟಿವೆ. ಐರೋಪ್ಯ ಒಕ್ಕೂಟದಲ್ಲಿ ಕೆಲವು ನಿರ್ದಿಷ್ಟ ಸುವಾಸನೆಯ ಅಲರ್ಜಿಕಾರಕಗಳು ಗೊತ್ತಾದ ಮಿತಿಯನ್ನು ಮೀರಿದರೆ ಡಿಟರ್ಜೆಂಟಿನ ಮೇಲೆ ಹೆಸರು ಹೇಳಬೇಕೆಂಬ ನಿಯಮವಿದೆ. ನಮ್ಮಲ್ಲಿಯೂ ಅಂಥದ್ದು ಬರಬೇಕೆಂದು ಗ್ರಾಹಕರು ಕೇಳುವುದು ನ್ಯಾಯವೇ. ಅಲ್ಲಿಯವರೆಗೆ, ಪಟ್ಟಿ ಕೊಡದ ಸರಕನ್ನು ಘಮವಿರುವ ಸರಕೆಂದೇ ತಿಳಿದು ಬಿಟ್ಟುಬಿಡಿ.

ಘಮರಹಿತ ಡಿಟರ್ಜೆಂಟ್ ನಿಮ್ಮೂರಿನಲ್ಲಿ ಸಿಗದಿದ್ದರೆ ಅಂಟುವಾಳ ಕಾಯಿ ಇದೆ. ಎಂಟು ಹತ್ತು ಕಾಯಿಗಳ ಬೀಜ ತೆಗೆದು, ಸಿಪ್ಪೆಯನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ಅದೇ ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಕಿವುಚಿ, ತೆಳುಬಟ್ಟೆಯಲ್ಲಿ ಸೋಸಿದರೆ ಸಿಗುವ ನೊರೆನೀರು ಮಗುವಿನ ಹಗುರವಾದ ಬಟ್ಟೆಗಳಿಗೆ ಸಾಕಾಗುತ್ತದೆ. ಎರಡು ದಿನಕ್ಕಿಂತ ಹೆಚ್ಚು ಇಡಬಾರದು, ಹುಳಿಯುತ್ತದೆ. ಅಂಟುವಾಳದ ಒಣಪುಡಿಯನ್ನು ಮಾತ್ರ ಮಗುವಿನ ಹತ್ತಿರ ತರಬೇಡಿ. ಅದರ ದೂಳು ಮೂಗಿಗೆ ಹೋದರೆ ದೊಡ್ಡವರಿಗೇ ಸೀನು ನಿಲ್ಲುವುದಿಲ್ಲ. ಸೋಪಿನ ಪುಡಿಗೂ ಇದೇ ಮಾತು ಅನ್ವಯಿಸುತ್ತದೆ. ಕಲೆ ತೆಗೆಯುವ ಕಿಣ್ವಗಳ ಪುಡಿಯನ್ನು ಉಸಿರಾಡಿದ ಡಿಟರ್ಜೆಂಟ್ ಕಾರ್ಖಾನೆಯ ಕಾರ್ಮಿಕರಿಗೆ ಶ್ವಾಸಕೋಶದ ರೋಗ ಬರುತ್ತಿರುವುದು 1969ರಲ್ಲೇ ವರದಿಯಾಗಿತ್ತು. ಆಮೇಲೆ ಕಿಣ್ವಗಳನ್ನು ಹರಳಿನ ರೂಪದಲ್ಲಿ ಮುಚ್ಚಿ ಸೇರಿಸುವ ಪದ್ಧತಿ ಬಂದಿತಾದರೂ, ಪುಡಿಯನ್ನು ಎತ್ತರದಿಂದ ಸುರಿಯದೆ ನೀರಿಗೆ ತೀರಾ ಹತ್ತಿರದಲ್ಲಿ ಚಮಚದಿಂದ ಹಾಕುವುದು, ಆ ಹೊತ್ತಿಗೆ ಮಗುವನ್ನು ಸೊಂಟದ ಮೇಲೆ ಎತ್ತಿಕೊಂಡಿರದಿರುವುದು ಒಳ್ಳೆಯ ಅಭ್ಯಾಸ.

ನಾಲ್ಕನೆಯ ಹೆಜ್ಜೆ: ಕಂಡೀಷನರನ್ನು ಪೂರ್ತಿಯಾಗಿ ನಿಲ್ಲಿಸುವುದು

ಡಿಟರ್ಜೆಂಟಿನ ಘಮದ ಬಹುಪಾಲು ಜಾಲಿಸುವಾಗ ನೀರಿನೊಡನೆ ಹೋಗುತ್ತದೆ. ಫ್ಯಾಬ್ರಿಕ್ ಕಂಡೀಷನರ್ ಹಾಗಲ್ಲ. ಕೊನೆಯ ನೀರಿಗೆ ಹಾಕಿ, ಮತ್ತೆ ಜಾಲಿಸದೆ, ಬಟ್ಟೆಯಲ್ಲಿ ಉಳಿಯಲೆಂದೇ ಅದನ್ನು ತಯಾರಿಸಿರುತ್ತಾರೆ. ಕೆಲವು ತಯಾರಿಕೆಗಳಲ್ಲಿ ಘಮವನ್ನು ಕಣ್ಣಿಗೆ ಕಾಣದ ಸಣ್ಣ ಕೋಶಗಳಲ್ಲಿ ತುಂಬಿರುತ್ತಾರೆ. ಬಟ್ಟೆ ಉಜ್ಜಿದಾಗ, ಮಡಿಕೆ ಬಿಚ್ಚಿದಾಗ ಅವು ಒಡೆದು ವಾರಗಳ ಮೇಲೂ ಘಮ ಹೊರಬರುತ್ತದೆ. ಅಂಥ ಹೊದಿಕೆಯಡಿಯಲ್ಲಿ ಕೈಕಾಲು ಆಡಿಸುವ ಮಗು ಪ್ರತಿ ಒದೆತಕ್ಕೂ ಒಂದಿಷ್ಟು ಘಮವನ್ನು ತಾನೇ ಎಬ್ಬಿಸಿಕೊಳ್ಳುತ್ತದೆ. ಈ ಕೋಶಗಳು ಪ್ಲಾಸ್ಟಿಕ್ಕಿನವಾದ ಕಾರಣ ಐರೋಪ್ಯ ಒಕ್ಕೂಟ 2023ರ ನಿಯಮದಲ್ಲಿ ಅವುಗಳನ್ನು ಕೆಲವು ವರ್ಷಗಳ ಕಾಲಾವಕಾಶ ಕೊಟ್ಟು ನಿಷೇಧಿಸುವ ಪಟ್ಟಿಗೆ ಸೇರಿಸಿದೆ. ಇದಲ್ಲದೆ ಕಂಡೀಷನರ್ ನೂಲಿನ ಮೇಲೆ ಜಿಡ್ಡಿನ ಪದರ ಕಟ್ಟುವುದರಿಂದ ಲಂಗೋಟಿ, ಟವೆಲುಗಳು ನೀರು ಹೀರುವುದನ್ನೇ ಬಿಡುತ್ತವೆ. ನಾನು ಒಂದೇ ಒಂದು ಬದಲಾವಣೆ ಹೇಳಬೇಕಾದರೆ ಇದನ್ನೇ ಹೇಳುತ್ತೇನೆ.

ಬಟ್ಟೆ ಒರಟಾಗುತ್ತದೆಂಬ ದೂರು ಬರುವುದು ಸಾಮಾನ್ಯವಾಗಿ ಬೋರ್‌ವೆಲ್ ನೀರಿನ ಮನೆಗಳಿಂದ. ಗಡಸು ನೀರಿನ ಸುಣ್ಣದಂಶ ಮತ್ತು ಉಳಿದುಹೋದ ಸೋಪು ಸೇರಿ ನೂಲನ್ನು ಬಿಗಿ ಮಾಡುತ್ತವೆ. ಸೋಪನ್ನು ಹೆಚ್ಚಿಸಿದಷ್ಟೂ ಒರಟುತನ ಹೆಚ್ಚುತ್ತದೆ. ಕೊನೆಯ ಜಾಲಿಕೆಗಾದರೂ ನಲ್ಲಿಯ ನದಿನೀರನ್ನೋ ಶುದ್ಧವಾಗಿ ಹಿಡಿದ ಮಳೆನೀರನ್ನೋ ಬಳಸಿ. ಮಳೆನೀರಿನಲ್ಲಿ ಗಡಸುತನ ಇಲ್ಲವೆನ್ನುವಷ್ಟು ಕಡಿಮೆ. ಒಣಹಾಕುವ ಮೊದಲು ಬಟ್ಟೆಯನ್ನು ಜೋರಾಗಿ ನಾಲ್ಕು ಬಾರಿ ಒದರಿ, ಮುಕ್ಕಾಲು ಒಣಗಿದಾಗ ಎರಡೂ ಕೈಯಲ್ಲಿ ಹಿಡಿದು ಉಜ್ಜಿ ಮತ್ತೆ ಹರವಿದರೆ ಹತ್ತಿ ಬಟ್ಟೆ ತಾನಾಗಿ ಮೆತ್ತಗಾಗುತ್ತದೆ.

ಐದನೆಯ ಹೆಜ್ಜೆ: ಯಂತ್ರ ಮತ್ತು ಬಕೆಟ್

ಘಮರಹಿತ ಸೋಪು ತಂದ ಮೇಲೂ ಬಟ್ಟೆ ಘಮಘಮಿಸುತ್ತಿದೆಯೆಂದರೆ ವಾಸನೆ ಯಂತ್ರದಲ್ಲಿ ಕುಳಿತಿದೆ. ಸೋಪಿನ ಡ್ರಾಯರನ್ನು ಹೊರಗೆಳೆದು ಬ್ರಷ್ಷಿನಿಂದ ತೊಳೆಯಿರಿ, ಬಾಗಿಲಿನ ರಬ್ಬರ್ ಮಡಿಕೆಯನ್ನು ಒದ್ದೆಬಟ್ಟೆಯಿಂದ ಒರೆಸಿ, ಅರ್ಧ ಲೋಟ ವಾಷಿಂಗ್ ಸೋಡಾ ಹಾಕಿ ಬಟ್ಟೆಯಿಲ್ಲದೆ ಬಿಸಿನೀರಿನಲ್ಲಿ ಒಂದು ಬಾರಿ ಓಡಿಸಿ, ಬಾಗಿಲು ತೆರೆದಿಡಿ. ಬೇಕಾದರೆ ಮರುದಿನ ಮತ್ತೊಮ್ಮೆ ಮಾಡಿ. ಹಳೆಯ ಪ್ಲಾಸ್ಟಿಕ್ ಬಕೆಟ್ ಘಮ ಬಿಡದಿದ್ದರೆ ಮಗುವಿನ ಬಟ್ಟೆಗೆ ಸ್ಟೀಲ್ ಬಕೆಟ್ ಇಟ್ಟುಕೊಳ್ಳುವುದು ಒಳ್ಳೆಯದು.

ಆರನೆಯ ಹೆಜ್ಜೆ: ಒಗೆಯುವ ಕ್ರಮ

ಹೊಲಸಾದ ಲಂಗೋಟಿಯನ್ನು ಮೊದಲು ಬರೀ ನೀರಿನಲ್ಲಿ ಜಾಲಿಸಿ ಬೇರೆಯಾಗಿ ನೆನೆಸಬೇಕು. ಅದನ್ನು ನೇರವಾಗಿ ಬ್ಲೀಚಿಗೆ ಹಾಕುವುದು ಅಪಾಯ: ಹಳಸಿದ ಮೂತ್ರದ ಅಮೋನಿಯಾ ಬ್ಲೀಚಿನೊಡನೆ ಸೇರಿದರೆ ಕ್ಲೋರಮೀನ್ ಎಂಬ, ಉಸಿರು ಕಟ್ಟಿಸುವ ಅನಿಲ ಏಳುತ್ತದೆ. ಮಗುವಿನ ಬಟ್ಟೆಗೆ ಬ್ಲೀಚ್ ಆಗಲಿ, ಘಾಟು ವಾಸನೆಯ ಕ್ರಿಮಿನಾಶಕ ದ್ರಾವಣವಾಗಲಿ ದಿನನಿತ್ಯ ಬೇಕಾಗಿಲ್ಲ. ಬಿಸಿನೀರು, ಸೋಪು, ಬಿಸಿಲು ಸಾಕು. ಮನೆಯಲ್ಲಿ ಯಾರಿಗಾದರೂ ವಾಂತಿಭೇದಿಯಾಗಿದ್ದರೆ ಆ ಬಟ್ಟೆಗಳನ್ನು ಕುದಿಯುವ ನೀರಿನಲ್ಲಿ ಅದ್ದಿ ಒಗೆಯಬಹುದು.

ಸೋಪಿನ ಅಳತೆಯಲ್ಲಿ ಕೈಬಿಗಿ ಇರಲಿ. ಮಗುವಿನ ಬಟ್ಟೆ ಸಣ್ಣದು, ಹೆಚ್ಚು ಮಣ್ಣಾಗಿರುವುದಿಲ್ಲ. ಪೊಟ್ಟಣದ ಮೇಲೆ ಹೇಳಿದ ಅಳತೆ ಪೂರ್ತಿ ತುಂಬಿದ ಯಂತ್ರಕ್ಕೆಂದು ನೆನಪಿಡಿ. ಜಾಲಿಸುವುದರಲ್ಲಿ ಮಾತ್ರ ಧಾರಾಳವಾಗಿರಬೇಕು. ಸ್ವಿಟ್ಜರ್ಲೆಂಡಿನ ದಾವೋಸ್‌ನ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಜಾಲಿಸಿದ ಮೇಲೂ ಬಟ್ಟೆಯಲ್ಲಿ ಉಳಿದ ಡಿಟರ್ಜೆಂಟಿನ ಅಂಶ ಮನುಷ್ಯರ ಶ್ವಾಸನಾಳದ ಜೀವಕೋಶಗಳ ನಡುವಿನ ಬಿಗಿ ಬೆಸುಗೆಯನ್ನು ಸಡಿಲಗೊಳಿಸಿತು. ಅದು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ನಡೆದ ಪರೀಕ್ಷೆ, ಮಕ್ಕಳ ಮೇಲಲ್ಲ. ಆದರೂ ಇನ್ನೊಂದು ಬಕೆಟ್ ನೀರು ಖರ್ಚು ಮಾಡಲು ಅದು ಸಾಕಾದ ಕಾರಣ. ಯಂತ್ರದಲ್ಲಾದರೆ ‘ಎಕ್ಸ್‌ಟ್ರಾ ರಿನ್ಸ್’ ಗುಂಡಿ ಒತ್ತಿ. ಕೈಯಲ್ಲಾದರೆ ಮೂರು ನೀರು ಬದಲಿಸಿ. ಹಿಂಡಿದ ನೀರಿನಲ್ಲಿ ನೊರೆ ಇರಬಾರದು, ಬೆರಳಿಗೆ ಜಾರಬಾರದು.

ಏಳನೆಯ ಹೆಜ್ಜೆ: ಆಗಲೇ ಘಮ ಹಿಡಿದಿರುವ ಬಟ್ಟೆ

ಉಡುಗೊರೆಯಾಗಿ ಬಂದ ಹೊಸ ಅಂಗಿ, ನೆಂಟರ ಮನೆಯಿಂದ ಬಂದ ಬಳಸಿದ ಬಟ್ಟೆ, ನೀವೇ ಹಿಂದೆ ಕಂಡೀಷನರ್ ಹಾಕಿ ಒಗೆದ ಹೊದಿಕೆ ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಒಂದು ಬಕೆಟ್ ಬೆಚ್ಚನೆಯ ನೀರಿಗೆ ಅರ್ಧ ಲೋಟ ಅಡುಗೆ ಸೋಡಾ ಕರಗಿಸಿ ರಾತ್ರಿ ನೆನೆಸಿ, ಬೆಳಗ್ಗೆ ಘಮರಹಿತ ಸೋಪಿನಿಂದ ಒಗೆದು ಪೂರ್ತಿ ಬಿಸಿಲಿಗೆ ಹಾಕಿ. ಒಂದೇ ಸಲಕ್ಕೆ ಹೋಗುವುದಿಲ್ಲ, ಮೂರು ನಾಲ್ಕು ಬಾರಿ ಬೇಕಾಗಬಹುದು. ಕೊನೆಯ ನೀರಿಗೆ ಎರಡು ಚಮಚ ಬಿಳಿ ವಿನೆಗರ್ ಹಾಕುವುದೂ ಉಂಟು. ಅದರ ಹುಳಿ ವಾಸನೆ ಬಟ್ಟೆ ಒಣಗಿದಂತೆ ಹೋಗುತ್ತದೆ. ಆದರೆ ವಿನೆಗರನ್ನು ಬ್ಲೀಚಿನೊಡನೆ ಎಂದಿಗೂ ಸೇರಿಸಬಾರದು, ಕ್ಲೋರಿನ್ ಅನಿಲ ಬರುತ್ತದೆ. ಪಾಲಿಯೆಸ್ಟರ್ ಹೊದಿಕೆಗಳು ಹತ್ತಿಗಿಂತ ಹೆಚ್ಚು ಕಾಲ ಘಮ ಹಿಡಿದಿಡುತ್ತವೆ. ಐದು ಬಾರಿ ಒಗೆದರೂ ಹೋಗದಿದ್ದರೆ ಅದನ್ನು ಮಗುವಿಗೆ ಬಳಸದಿರುವುದೇ ಮೇಲು.

ಎಂಟನೆಯ ಹೆಜ್ಜೆ: ಒಣಗಿಸುವುದು, ಅದರಲ್ಲೂ ಮಳೆಗಾಲದಲ್ಲಿ

ಬಯಲುಸೀಮೆಯಲ್ಲಿ ಈ ಹೆಜ್ಜೆಗೆ ಎರಡು ಸಾಲು ಸಾಕು: ನೇರ ಬಿಸಿಲು, ದೂಳು ಹಾರದ ಜಾಗ. ಮಲೆನಾಡು ಮತ್ತು ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದೇ ದೊಡ್ಡ ಕೆಲಸ, ಮುಗ್ಗಲು ವಾಸನೆಯನ್ನು ಮುಚ್ಚಲು ಕಂಡೀಷನರಿಗೆ ಕೈಹಾಕುವುದೂ ಆಗಲೇ. ಮುಗ್ಗಲು ಎಂದರೆ ಬೂಷ್ಟು. ತೇವ ಮತ್ತು ಬೂಷ್ಟು ತುಂಬಿದ ಕೋಣೆಯೂ ಮಕ್ಕಳ ಉಬ್ಬಸಕ್ಕೆ ಕಾರಣವಾಗುವಂಥದ್ದೇ. ಅದರ ಮೇಲೆ ಘಮ ಸುರಿದರೆ ಎರಡು ತೊಂದರೆಗಳಾಗುತ್ತವೆ, ಒಂದೂ ಕಡಿಮೆಯಾಗುವುದಿಲ್ಲ.

ಕೆಂಡದ ಮೇಲೆ ಬಿದಿರಿನ ಬುಟ್ಟಿ ಕವುಚಿ ಅದರ ಮೇಲೆ ಕೂಸಿನ ಬಟ್ಟೆ ಒಣಗಿಸುವ, ಸ್ನಾನದ ನಂತರ ಮಗುವಿಗೂ ಬಟ್ಟೆಗೂ ಸಾಂಬ್ರಾಣಿ ಅಥವಾ ಲೋಬಾನದ ಹೊಗೆ ತೋರಿಸುವ ರೂಢಿ ನಮ್ಮಲ್ಲಿ ಬಲವಾಗಿದೆ. ಅದರ ಹಿಂದಿರುವ ಪ್ರೀತಿ ನನಗೆ ಗೊತ್ತು, ನನ್ನ ಮಕ್ಕಳೂ ಆ ಹೊಗೆಯಲ್ಲೇ ಬೆಳೆದರು. ಆದರೆ ಮುಚ್ಚಿದ ಬಾಣಂತಿ ಕೋಣೆಯಲ್ಲಿ ಕೆಂಡ ಇಟ್ಟರೆ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿ ತಾಯಿ ಮಗು ಇಬ್ಬರ ಪ್ರಾಣಕ್ಕೂ ಅಪಾಯವಾಗಬಹುದು. ಧೂಪದ ಹೊಗೆಯ ಸೂಕ್ಷ್ಮ ಕಣಗಳು ಶ್ವಾಸನಾಳವನ್ನು ಕೆರಳಿಸುತ್ತವೆ. ಹಿರಿಯರೊಡನೆ ವಾದಕ್ಕಿಳಿಯುವುದರಿಂದ ಪ್ರಯೋಜನವಿಲ್ಲ. “ಅತ್ತೆ, ಬಟ್ಟೆ ಬೆಚ್ಚಗಿರಬೇಕು ಅಂತ ತಾನೇ ನೀವು ಹೇಳೋದು, ನಾನು ಇಸ್ತ್ರಿ ಹಾಕಿ ಬೆಚ್ಚಗೆ ಮಾಡಿ ಕೊಡ್ತೀನಿ” ಎಂದರೆ ಬಹಳ ಮಂದಿ ಒಪ್ಪುತ್ತಾರೆ.

ಮಳೆಗಾಲದ ಕ್ರಮ ಹೀಗಿರಲಿ. ಬಟ್ಟೆಯನ್ನು ಯಂತ್ರದಲ್ಲಿ ಎರಡು ಬಾರಿ ಸ್ಪಿನ್ ಮಾಡಿ. ಕೈಯಲ್ಲಿ ಹಿಂಡಿದ್ದಾದರೆ ಒಣ ಟವೆಲಿನಲ್ಲಿ ಸುತ್ತಿ ಮತ್ತೊಮ್ಮೆ ಹಿಂಡಿ. ಮಗು ಮಲಗದ ಕೋಣೆಯಲ್ಲಿ, ಕಿಟಕಿ ಪಕ್ಕ, ಬಟ್ಟೆಯಿಂದ ಬಟ್ಟೆಗೆ ಒಂದು ಗೇಣು ಬಿಟ್ಟು ಹರವಿ ಫ್ಯಾನ್ ಹಾಕಿ. ಮುಕ್ಕಾಲು ಒಣಗಿದ ಮೇಲೆ ಇಸ್ತ್ರಿ ಮಾಡಿದರೆ ಉಳಿದ ತೇವ ಹೋಗುತ್ತದೆ. ಇಸ್ತ್ರಿಗೆ ಬರೀ ನೀರು ಚಿಮುಕಿಸಿ, ಘಮದ ಸ್ಪ್ರೇ ಬೇಡ. ಮಗುವಿಗೆ ಮಳೆಗಾಲಕ್ಕೆಂದು ದಪ್ಪ ಬಟ್ಟೆಗಿಂತ ತೆಳು ಮಲ್ ಬಟ್ಟೆಯನ್ನು ಹೆಚ್ಚು ಸಂಖ್ಯೆಯಲ್ಲಿ ಇಟ್ಟುಕೊಳ್ಳುವುದು ಜಾಣತನ. ಬೇಗ ಒಣಗುತ್ತದೆ, ಎರಡು ಮೂರನ್ನು ಒಂದರ ಮೇಲೊಂದು ಸುತ್ತಿದರೆ ಬೆಚ್ಚಗೂ ಇರುತ್ತದೆ.

ಒಂಬತ್ತನೆಯ ಹೆಜ್ಜೆ: ಎತ್ತಿಕೊಳ್ಳುವವರ ಬಟ್ಟೆ

ಮಗುವಿನ ಬಟ್ಟೆಯನ್ನಷ್ಟೇ ಬೇರೆ ಒಗೆದು, ದೊಡ್ಡವರ ಬಟ್ಟೆಗೆ ಹಳೆಯ ಪುಡಿಯನ್ನೇ ಮುಂದುವರಿಸುವುದು ಅರ್ಧ ಕೆಲಸ. ತಾಯಿಯ ನೈಟಿ, ರವಿಕೆ, ದಿಂಬಿನ ಗವಸು ಮತ್ತು ಮಗುವನ್ನು ಹೆಚ್ಚಾಗಿ ಎತ್ತಿಕೊಳ್ಳುವ ಅಜ್ಜಿ, ತಾತ, ತಂದೆಯ ಮೇಲುಡುಪುಗಳು ಘಮರಹಿತ ಸೋಪಿಗೆ ಬರಬೇಕು. ಆಮೇಲೆ ಪರದೆ, ಸೋಫಾದ ಹೊದಿಕೆ. ಡ್ರೈಕ್ಲೀನಿಂಗಿನಿಂದ ಬಂದ ರೇಷ್ಮೆ ಸೀರೆ, ಶಾಲುಗಳನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ಒಂದೆರಡು ದಿನ ಹೊರಗಾಳಿಯಲ್ಲಿ ತೂಗುಹಾಕಿದ ಮೇಲೆಯೇ ನಾಮಕರಣಕ್ಕೆ ಉಡಿ. ಬಂದ ನೆಂಟರಿಗೆ ಅವಮಾನವಾಗದಂತೆ ಬಾಗಿಲ ಬಳಿಯೇ ಒಗೆದ ಮಲ್ ಬಟ್ಟೆಗಳನ್ನು ಜೋಡಿಸಿಟ್ಟು, “ಕೈ ತೊಳ್ಕೊಂಡು ಇದನ್ನು ಹೆಗಲಿಗೆ ಹಾಕ್ಕೊಂಡು ಎತ್ಕೊಳ್ಳಿ” ಎಂದರೆ ಸಾಕು. ಮಗುವನ್ನು ಗ್ರಾಮ ಪಂಚಾಯಿತಿಯ ‘ಕೂಸಿನ ಮನೆ’ಗೋ ಬೇರೆ ಶಿಶುಪಾಲನಾ ಕೇಂದ್ರಕ್ಕೋ ಬಿಡುವವರು ಹಾಸು, ಹೊದಿಕೆಯನ್ನು ಮನೆಯಿಂದಲೇ ಕಳುಹಿಸಿ, ಅಲ್ಲಿ ರೂಮ್ ಸ್ಪ್ರೇ ಬಳಸದಂತೆ ನೋಡಿಕೊಳ್ಳುವವರಲ್ಲಿ ಕೇಳಿಕೊಳ್ಳಬೇಕು.

ಹತ್ತನೆಯ ಹೆಜ್ಜೆ: ಉಸಿರನ್ನು ಎಣಿಸಲು ಕಲಿಯಿರಿ

ಘಮ ಬಿಟ್ಟರೆ ಉಬ್ಬಸ ಗುಣವಾಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಇದು ಕೆರಳಿಸುವ ಒಂದು ಕಾರಣವನ್ನು ಕಡಿಮೆ ಮಾಡುವ ಕ್ರಮ, ಚಿಕಿತ್ಸೆಯಲ್ಲ. ಮಗುವಿಗೆ ವೈದ್ಯರು ಕೊಟ್ಟ ಔಷಧವನ್ನು ಈ ಕಾರಣಕ್ಕಾಗಿ ನಿಲ್ಲಿಸಬಾರದು.

ಮಗು ಅಳದೆ, ಹಾಲು ಕುಡಿಯದೆ ಶಾಂತವಾಗಿರುವಾಗ ಅಂಗಿ ಮೇಲೆತ್ತಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಗಡಿಯಾರ ನೋಡಿ ಎಣಿಸಿ. ಎಳೆಯ ಮಕ್ಕಳ ಉಸಿರು ಏರುಪೇರಾಗಿರುವುದರಿಂದ ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ಸರಿಯಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಎರಡು ತಿಂಗಳೊಳಗಿನ ಮಗುವಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡರಿಂದ ಹನ್ನೊಂದು ತಿಂಗಳವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗೆ 40 ಅಥವಾ ಹೆಚ್ಚಿದ್ದರೆ ಅದು ವೇಗದ ಉಸಿರಾಟ. ಎರಡು ತಿಂಗಳೊಳಗಿನ ಕೂಸಿನಲ್ಲಿ ಹೆಚ್ಚೆಂದು ಕಂಡರೆ ಮತ್ತೊಮ್ಮೆ ಎಣಿಸಿ. ಎರಡನೆಯ ಬಾರಿಯೂ ಹಾಗೆಯೇ ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ. ಹೆರಿಗೆಯ ನಂತರ 42 ದಿನಗಳವರೆಗೆ ಮನೆಗೆ ಭೇಟಿ ಕೊಡುವ ಆಶಾ ಕಾರ್ಯಕರ್ತೆಯವರು ಉಸಿರು ಎಣಿಸುವುದನ್ನು ತರಬೇತಿಯಲ್ಲಿ ಕಲಿತಿರುತ್ತಾರೆ. ಅವರು ಬಂದಾಗ ಒಮ್ಮೆ ಜೊತೆಯಲ್ಲಿ ಎಣಿಸಿ ಕಲಿತುಕೊಳ್ಳಿ.

ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಹೋಗುವುದು, ಮೂಗಿನ ಹೊಳ್ಳೆ ಅರಳುವುದು, ಪ್ರತಿ ಉಸಿರಿಗೂ ನರಳುವುದು, ತುಟಿ ಅಥವಾ ನಾಲಿಗೆ ನೀಲಿಯಾಗುವುದು, ಹಾಲು ಕುಡಿಯಲಾಗದಿರುವುದು, ಎಬ್ಬಿಸಿದರೂ ಏಳದಷ್ಟು ಮಂಕಾಗಿರುವುದು ಇವುಗಳಲ್ಲಿ ಯಾವುದೊಂದು ಕಂಡರೂ 108ಕ್ಕೆ ಕರೆ ಮಾಡಿ. ಇಷ್ಟು ತೀವ್ರವಲ್ಲದಿದ್ದರೂ ಸುಯ್‌ಗುಟ್ಟುವ ಉಸಿರಾಟ ಮತ್ತೆ ಮತ್ತೆ ಬರುತ್ತಿದ್ದರೆ, ರಾತ್ರಿ ಕೆಮ್ಮು ವಾರಗಟ್ಟಲೆ ನಿಲ್ಲದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಹೋಗುವಾಗ ಮೊದಲ ಹೆಜ್ಜೆಯಲ್ಲಿ ಬರೆದಿಟ್ಟ ಹಾಳೆಯನ್ನೂ, ಯಾವ ದಿನ ಯಾವ ಸೋಪು ಬದಲಿಸಿದಿರಿ, ಯಾವ ದಿನ ಉಬ್ಬಸ ಬಂತು, ಆ ದಿನ ಮನೆಯಲ್ಲಿ ಸುಣ್ಣಬಣ್ಣ, ಧೂಪ, ಸೊಳ್ಳೆಬತ್ತಿ ಏನಾದರೂ ಇತ್ತೇ ಎಂಬುದನ್ನೂ ಗುರುತು ಹಾಕಿಕೊಂಡು ಒಯ್ಯಿರಿ. ಬಳಸುತ್ತಿದ್ದ ಪುಡಿ ಮತ್ತು ದ್ರಾವಣಗಳ ಪೊಟ್ಟಣದ ಹಿಂಭಾಗದ ಫೋಟೋ ಮೊಬೈಲಿನಲ್ಲಿದ್ದರೆ ವೈದ್ಯರು ಕೇಳಿದ ತಕ್ಷಣ ತೋರಿಸಬಹುದು.